ಎರಡು ಸಲ ಗೇರ್‌ಬಾಕ್ಸ್ ಇಳಿಸಿದ ಮೇಲೆ: ಕ್ಲಚ್ ಸೆಟ್, 34,000 ಕಿ.ಮೀ.

ನನ್ನದು ಕೇಬಲ್ ಕ್ಲಚ್ಚಿನ ಹಳೇ ಪೆಟ್ರೋಲ್ ಕಾರು. ಚಿಕ್ಕಬಳ್ಳಾಪುರದಿಂದ ವಾರಕ್ಕೆ ನಾಲ್ಕು ದಿನ ಬೆಂಗಳೂರಿಗೆ ಓಡಾಟ. ದೇವನಹಳ್ಳಿ ದಾಟೋವರೆಗೂ ಆರಾಮ, ಹೆಬ್ಬಾಳ ಬಂತೆಂದರೆ ಎಡಗಾಲಿಗೆ ಬಿಡುವಿಲ್ಲ. ಈ ಸೆಟ್ ಹಾಕಿಸಿ ಎರಡು ವರ್ಷ ಆಯಿತು.

ಅದಕ್ಕೂ ಮುಂಚೆ ಒಂದು ಎಡವಟ್ಟಾಗಿತ್ತು. ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ಕ್ಲಚ್ ಪ್ಲೇಟ್ ಮಾತ್ರ ಬದಲಿಸಿ, "ಬೇರಿಂಗ್ ಚೆನ್ನಾಗೇ ಇದೆ ಸಾರ್, ಸುಮ್ನೆ ಯಾಕೆ ದುಡ್ಡು" ಅಂದರು. ನನಗೂ ಖುಷಿಯೇ ಆಯಿತು. ಐದು ತಿಂಗಳಾಗಿರಬೇಕು, ಭಾನುವಾರ ನಂದಿ ಬೆಟ್ಟದ ತಿರುವಿನಲ್ಲಿ ಗಾಡಿಗಳ ಸಾಲಲ್ಲಿ ನಿಂತಿದ್ದೆವು. ಪೆಡಲ್ ಒತ್ತಿದರೆ ಗರಗರ ಸದ್ದು, ಕಾಲು ತೆಗೆದರೆ ಮಾಯ. ಹಿಂದೆ ಕೂತಿದ್ದ ನಮ್ಮತ್ತೆ, "ಒಳಗ್ಯಾರೋ ರಾಗಿ ಬೀಸ್ತಾವ್ರಲ್ಲಪ್ಪಾ" ಅಂದರು.

ಬೇರೆ ಮೆಕ್ಯಾನಿಕ್ ಬಿಚ್ಚಿ ಹಳೇ ರಿಲೀಸ್ ಬೇರಿಂಗನ್ನು ನನ್ನ ಕೈಗಿಟ್ಟರು. ಬೆರಳಲ್ಲಿ ತಿರುಗಿಸಿದರೆ ಮರಳು ಸೇರಿದ ಹಾಗೆ ತಡೆದು ತಡೆದು ಸುತ್ತುತ್ತಿತ್ತು. ಗ್ರೀಸ್ ಒಣಗಿ ಕಪ್ಪಗಾಗಿತ್ತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಇಂಜಿನ್ ಜೊತೆ ಸುತ್ತುತ್ತಲೇ ಇರುತ್ತದೆ, ಪೆಡಲ್ ತುಳಿದಾಗ ಅದನ್ನು ಒತ್ತಬೇಕಾದ ಫೋರ್ಕ್ ಸುತ್ತುವುದಿಲ್ಲ. ಎರಡರ ಮಧ್ಯೆ ನಿಂತು, ತಾನೂ ಸುತ್ತುತ್ತಾ ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗನ್ನು ತಳ್ಳುವುದು ಈ ಬೇರಿಂಗ್. ಆಗಲೇ ಪ್ಲೇಟ್ ಬಿಡಿಸಿಕೊಂಡು ಗೇರ್ ಸಲೀಸಾಗಿ ಬೀಳೋದು. ಸಿಗ್ನಲ್‌ನಲ್ಲಿ ಕ್ಲಚ್ ತುಳಿದುಕೊಂಡೇ ನಿಂತರೆ ಅಷ್ಟು ಹೊತ್ತೂ ಅದರ ಮೇಲೆ ಭಾರ. ನನ್ನ ಚಾಳಿಯೂ ಅದೇ ಆಗಿತ್ತು. ಈಗ ನ್ಯೂಟ್ರಲ್ ಮಾಡಿ ಕಾಲು ತೆಗೆಯುತ್ತೇನೆ.

ಸದ್ದು ಉಲ್ಟಾ ಇದ್ದರೆ, ಅಂದರೆ ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಬಂದು ಒತ್ತಿದಾಗ ನಿಂತರೆ, ಹೆಚ್ಚಾಗಿ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಬೇರಿಂಗ್ ಇರುತ್ತದೆ. ಅದು ಬೇರೆಯೇ ಖರ್ಚು.

ಬೇರಿಂಗಿನ ಬೆಲೆಗಿಂತ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಎಷ್ಟೋ ಜಾಸ್ತಿ. ಅದನ್ನು ನಾನು ಎರಡೆರಡು ಸಲ ಕೊಟ್ಟೆ. ಎರಡನೇ ಸಲ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಒಂದೇ ಡಬ್ಬದ ಸೆಟ್ ಹಾಕಿಸಿದೆ. ಐದೇ ತಿಂಗಳ ಪ್ಲೇಟ್ ತೆಗೆಸುವಾಗ ಹೊಟ್ಟೆ ಉರಿಯಿತು, ನಿಜ.

ಸೆಟ್ ಹೇಗಿದೆ? ಪೆಡಲ್ ಈಗಲೂ ಹಗುರ, ಸದ್ದಿಲ್ಲ. ಪ್ಲೇಟ್ ಸವೆದಂತೆ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುಮಾಡುವ ಮುಂಚೆ ಪೆಡಲ್ ಸಡಿಲವಾಗಿ ಇಳಿಯುವ ಅಂತರ) ಕಮ್ಮಿಯಾಗಿ ಬೇರಿಂಗ್ ಸದಾ ಒತ್ತಿಕೊಂಡೇ ಇರುವ ಹಾಗಾಗುತ್ತದೆ, ಅದಕ್ಕೆ ಒಂದು ಸಲ ಕೇಬಲ್ ಅಡ್ಜಸ್ಟ್ ಮಾಡಿಸಿದೆ. ಒಂದೇ ತಕರಾರು: ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರಿವರ್ಸ್ ತೆಗೆದರೆ ಗಾಡಿ ಸ್ವಲ್ಪ ನಡುಗುತ್ತದೆ, ನಮ್ಮನೆ ಮುಂದಿನ ಇಳಿಜಾರಿನಲ್ಲಂತೂ ಗೇಟಿಗೆ ತಾಗಿಸಿಬಿಡ್ತೀನೇನೋ ಅನ್ನಿಸುತ್ತದೆ. ಹಾಗಾಗಿ ಐದಕ್ಕೆ ನಾಲ್ಕು.