ಶನಿವಾರ ಗಿಡದ ಮಾತು, ಭಾನುವಾರ ಮಣ್ಣಿನ ಮಾತು

ನಮ್ಮ ಬೆಂಗಳೂರಿನ ಬಡಾವಣೆಯ ಕಲಾಕೇಂದ್ರದಲ್ಲಿ ಫೆಬ್ರವರಿಯಲ್ಲಿ ಎರಡು ಉಪನ್ಯಾಸ ಇಟ್ಟಿದ್ದರು. ಶನಿವಾರ ತಾರಸಿ ತೋಟ, ಭಾನುವಾರ ಸೆರಾಮಿಕ್, ಅಂದರೆ ಸುಟ್ಟ ಮಣ್ಣಿನ ಕೆಲಸ. ನಾನು ಹೊರಟಿದ್ದು ತೋಟದ್ದಕ್ಕೆ. ಎರಡೂ ಸೇರಿ ಒಂದೇ ಟಿಕೆಟ್ ಅಂದರು, ದುಡ್ಡು ಸುಮ್ನೆ ಯಾಕೆ ಹಾಳು ಅಂತ ಭಾನುವಾರವೂ ಹೋದೆ.

ಶನಿವಾರ ಕೂರಲು ಕುರ್ಚಿ ಇರಲಿಲ್ಲ. ಹೇಳಿದ್ದೆಲ್ಲ ಒಳ್ಳೆಯದೇ. ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಬೇಕು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳು. ಎಲ್ಲರ ಫೋನಿನಲ್ಲೂ ಒಂದೊಂದು ಸೊರಗಿದ ಗಿಡ. 'ನಮ್ಮನೆ ಮಲ್ಲಿಗೆ ಯಾಕೆ ಹೂ ಬಿಡ್ತಿಲ್ಲ?' ಅರ್ಧ ಹೊತ್ತು ಅದಕ್ಕೇ ಹೋಯಿತು. ಕುಂಡ ಯಾವುದಿರಬೇಕು ಅಂತ ನಾನು ಕೇಳಿದ್ದಕ್ಕೆ, 'ಯಾವುದಾದ್ರೂ ಆಗುತ್ತೆ, ತಳದಲ್ಲಿ ತೂತಿದ್ರೆ ಸಾಕು' ಅಂದರು.

ಭಾನುವಾರ ಇದ್ದದ್ದು ಹನ್ನೊಂದೇ ಜನ. ಮಾತನಾಡಿದವರು ಮೊದಲು ಕೆಂಪು ಮಡಕೆಯ ಒಂದು ಚೂರನ್ನು ಕೈಗಿಟ್ಟು, 'ನಾಲಿಗೆ ತಾಗಿಸಿ ನೋಡಿ' ಅಂದರು. ಹಿಂಜರಿಯುತ್ತಲೇ ತಾಗಿಸಿದೆ. ನಾಲಿಗೆ ಅಂಟಿಕೊಂಡಿತು! ಚೂರಿನ ಸಣ್ಣ ಸಣ್ಣ ರಂಧ್ರಗಳು ನಾಲಿಗೆಯ ನೀರನ್ನು ಹೀರುತ್ತವಂತೆ. ಈ ಮಣ್ಣನ್ನು ಸುಡುವುದು ಹೆಚ್ಚು ಕಡಿಮೆ 1000 ಡಿಗ್ರಿಯಲ್ಲಿ, ಅಲ್ಲಿಗೆ ರಂಧ್ರ ಮುಚ್ಚುವುದಿಲ್ಲ. ಸ್ಟೋನ್‌ವೇರ್ ಅನ್ನುವ ಗಟ್ಟಿ ಪಾತ್ರೆಗಳ ಮಣ್ಣು 1200 ದಾಟಿದ ಮೇಲೆ ಒಳಗೇ ಗಾಜಿನ ಹಾಗೆ ಬೆಸೆದುಕೊಳ್ಳುತ್ತದೆ. ಗ್ಲೇಜ್ ಅಂದರೆ ಮೇಲಿನ ಗಾಜಿನ ಪದರ, ಅಷ್ಟೇ. ಗ್ಲೇಜ್ ಹಚ್ಚಿದ ಚೂರಿನ ಮೇಲೆ ನೀರಿನ ಹನಿ ಬಿಟ್ಟರೆ ಮುತ್ತಿನ ಹಾಗೆ ನಿಂತಿತು, ಕೆಂಪು ಚೂರಿನ ಮೇಲೆ ಮಾಯವಾಯಿತು. ನಮ್ಮನೆ ಕುಂಡಗಳ ಹೊರಗೆ ಕಟ್ಟುವ ಬಿಳಿ ಪುಡಿಯೂ ಬೋರ್‌ವೆಲ್ ನೀರಿನ ಉಪ್ಪೇ, ಗೋಡೆಯೊಳಗಿಂದ ಬಂದದ್ದು. ನಾನು ಅದನ್ನು ಬೂಷ್ಟು ಅಂತ ವರ್ಷಗಟ್ಟಲೆ ಉಜ್ಜಿದ್ದೇನೆ.

ಇನ್ನು ನೋಡೇ ಬಿಡೋಣ ಅಂತ 12 ಇಂಚಿನ ಮೂರು ತರಹದ ಕುಂಡ ತಂದೆ. ಮಣ್ಣಿನದು ಎರಡು, ಗ್ಲೇಜಿನದು ಎರಡು, ಪ್ಲಾಸ್ಟಿಕ್ಕಿನದು ಎರಡು. ಶನಿವಾರದ ಮಣ್ಣಿನ ಲೆಕ್ಕವನ್ನೇ ಎಲ್ಲಕ್ಕೂ ಹಾಕಿ, ಪ್ರತಿ ಜೋಡಿಯಲ್ಲೂ ಒಂದು ಟೊಮೆಟೊ, ಒಂದು ದೊಡ್ಡಪತ್ರೆ ನೆಟ್ಟೆ.

ಏಪ್ರಿಲ್ ಬಿಸಿಲಿಗೆ ಮಣ್ಣಿನ ಕುಂಡದ ಟೊಮೆಟೊ ದಿನಕ್ಕೆರಡು ಸಲ ನೀರು ಕೇಳಿತು. ಒಂದು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ತಲೆ ಬಗ್ಗಿಸಿ ನಿಂತಿತ್ತು. ಪ್ಲಾಸ್ಟಿಕ್ಕಿನದಕ್ಕೆ ದಿನಕ್ಕೊಂದು ಸಲ ಸಾಕಾಯಿತು, ಕಾಯಿ ಜಾಸ್ತಿ ಬಿಟ್ಟಿದ್ದೂ ಅದೇ. ಹೇಳೋಕೆ ನನಗೂ ಇಷ್ಟವಿಲ್ಲ, ಆದರೆ ನಿಜ. ಮೇ ತಿಂಗಳ ಮಳೆ ಶುರುವಾದ ಮೇಲೆ ಲೆಕ್ಕ ತಿರುಗಿತು. ಪ್ಲಾಸ್ಟಿಕ್ಕಿನ ದೊಡ್ಡಪತ್ರೆ ಬುಡದಲ್ಲೇ ಕೊಳೆಯಿತು, ಮಣ್ಣಿನ ಕುಂಡದ್ದು ಮಾತ್ರ ತಂಬುಳಿಗೆ ಕಿತ್ತಷ್ಟೂ ಚಿಗುರಿತು. ಗ್ಲೇಜಿನದು? ನೋಡೋಕೆ ಚಂದ, ಎತ್ತಿದರೆ ಸೊಂಟ ಹಿಡಿಯುತ್ತದೆ. ಗೋಡೆ ಉಸಿರಾಡುವುದಿಲ್ಲವಲ್ಲ, ಹಾಗಾಗಿ ಗಿಡದ ಮಟ್ಟಿಗೆ ಅದೂ ಪ್ಲಾಸ್ಟಿಕ್ಕೇ. ಇದಕ್ಕೆ ನಾಲ್ಕು ಪಟ್ಟು ದುಡ್ಡು ಕೊಟ್ಟೆನಲ್ಲಾ!

ತೋಟ ಕಲಿಯೋಕೆ ಒಂದೇ ಉಪನ್ಯಾಸಕ್ಕೆ ಹೋಗುವುದಾದರೆ ಭಾನುವಾರದ್ದಕ್ಕೆ ಹೋಗಿ ಅನ್ನುತ್ತೇನೆ. ಶನಿವಾರದ್ದರಲ್ಲಿ ಬರೆದುಕೊಳ್ಳುವಂಥದ್ದು ಒಂದೇ ಪುಟ, ಅದನ್ನು ಗೆಳತಿಯ ಹತ್ತಿರ ಕೇಳಿಕೊಂಡರೂ ಆಯಿತು. ನಾಲಿಗೆ ಅಂಟುವುದನ್ನು ಹಾಗೆ ಕೇಳಿಕೊಳ್ಳೋಕಾಗಲ್ಲ, ಅಲ್ವಾ?

ಮಡಕೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿಟ್ಟರೆ ಅದೇ ಬೇರಿಗೆ ಜಿನುಗಿಸುತ್ತದೆ ಅಂತಲೂ ಭಾನುವಾರ ಹೇಳಿದ್ದರು. ನಾನು ಚಂದ ಕಂಡಿತು ಅಂತ ಬಣ್ಣ ಬಳಿದ ಮಡಕೆ ತಂದು ಹೂತೆ. ಮೂರು ದಿನವಾದರೂ ನೀರು ಇಳಿಯಲಿಲ್ಲ. ಬಣ್ಣ ರಂಧ್ರ ಮುಚ್ಚಿತ್ತು. ಅದನ್ನು ತೆಗೆದು, ಬಾಯಿ ಒಡೆದ ಹಳೆಯ ನೀರಿನ ಮಡಕೆ ಹೂತು, ಸೊಳ್ಳೆ ಬಾರದಂತೆ ತಟ್ಟೆ ಮುಚ್ಚಿದೆ. ಅಮ್ಮ ತಾರಸಿಗೆ ಬಂದು ನೋಡಿ, 'ನಮ್ಮಜ್ಜಿ ತೆಂಗಿನ ಸಸಿ ಪಕ್ಕ ಹೀಗೇ ಹೂಳ್ತಿದ್ರು. ಇದಕ್ಕೆ ಟಿಕೆಟ್ ಬೇರೆ ಕೊಟ್ಯಾ?' ಅಂದರು.