ಜೈಲಿನ ಜಮಖಾನೆ: ನೇಯ್ಗೆಗೆ ನಾಲ್ಕೂವರೆ, ಬೆಲೆಗೆ ಎರಡು

ಹೋದ ತಿಂಗಳು ಜಯನಗರದ ಕಡೆ ಒಂದು ಮೇಳಕ್ಕೆ ಹೋಗಿದ್ದೆ. ತೊಂಡೆಕಾಯಿ ತರಲು ಹೊರಟವಳು ಸುಮ್ನೆ ಒಳಗೆ ನುಗ್ಗಿದೆ. ಒಂದು ಮಳಿಗೆಯ ಮೇಲೆ ‘ಕೈದಿಗಳು ತಯಾರಿಸಿದ ವಸ್ತುಗಳು’ ಅಂತ ಬೋರ್ಡು. ಟವೆಲು, ಸೋಪು, ಮಣೆ, ಬಿಸ್ಕತ್ತು. ಮೂಲೆಯಲ್ಲಿ ಜಮಖಾನೆಗಳ ರಾಶಿ.

ನಾನು ಕಬ್ಬನ್‌ಪೇಟೆಯ ನೇಕಾರರ ಮನೆ ಮಗಳು. ನಮ್ಮ ಕಡೆಯವರು ಬಟ್ಟೆಯ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತೇವೆ. ತಿರುವಿ ಹಾಕಿ ನೋಡಿದೆ. ಅಂಚು ನೇರವಾಗಿತ್ತು. ಹೊಕ್ಕು, ಅಂದರೆ ಅಡ್ಡ ಎಳೆ, ಒತ್ತಾಗಿ ಕೂತಿತ್ತು, ಬೆರಳಲ್ಲಿ ತಳ್ಳಿದರೂ ಜರುಗಲಿಲ್ಲ. ಒಂದು ಕಡೆ ಎಳೆ ಕಡಿದು ಗಂಟು ಹಾಕಿದ್ದರು. ಗಂಟು ಸಾಸಿವೆಯಷ್ಟು, ಅದೂ ಕೆಳಗಿನ ಮೈಯಲ್ಲಿ. ಇದನ್ನೆಲ್ಲ ಯಾರೋ ಪಕ್ಕದಲ್ಲಿ ಕೂತು ಕಲಿಸಿದ್ದಾರೆ. ಮಧ್ಯದ ಒಂದು ಹಸಿರು ಪಟ್ಟೆ ಮಾತ್ರ ಉಳಿದವಕ್ಕಿಂತ ಎರಡು ಬೆರಳು ಅಗಲ. ಎಣಿಕೆ ತಪ್ಪಿದೆ. ಅಪ್ಪ ಹೀಗೆ ಎಣಿಕೆ ತಪ್ಪಿದ ದಿನ ನಾವು ಮಕ್ಕಳು ಹತ್ತಿರ ಹೋಗುತ್ತಿರಲಿಲ್ಲ, ಮನಸ್ಸು ಬೇರೆ ಕಡೆ ಇದೆ ಅಂತ ಗೊತ್ತಾಗುತ್ತಿತ್ತು. ನಾನು ಅದನ್ನೇ ಆರಿಸಿಕೊಂಡೆ. ನೇಯ್ಗೆಗೆ ಐದಕ್ಕೆ ನಾಲ್ಕೂವರೆ ಅಂಕ, ಅರ್ಧ ಕಳೆದಿದ್ದು ಆ ಪಟ್ಟೆಗೇ.

ನಾಲ್ಕಡಿ ಅಗಲ, ಆರಡಿ ಉದ್ದ. ಬೆಲೆ 700 ರೂಪಾಯಿ. “ತಗೊಳ್ಳಿ ಅಮ್ಮಾ, ಹೊರಗಡೆ ಇದೇ ಮಾಲು ಡಬಲ್ ಆಗುತ್ತೆ” ಅಂದರು ಮಳಿಗೆಯವರು. ನಿಜವೇ. ನನ್ನ ತಕರಾರು ಇರುವುದೂ ಅಲ್ಲೇ.

ಲೆಕ್ಕ ಹಾಕಿ. ಕೈದಿಗೆ ತಕ್ಕ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಕೂಲಿ ಏರಿಸಿದ ಮೇಲೆ ಅದು ದಿನಕ್ಕೆ 500 ದಾಟಿತು. ಇಂಥ ಜಮಖಾನೆಗೆ ಪಳಗಿದ ಕೈಗೂ ಎರಡು ದಿನ ಬೇಕು. ಕೂಲಿಯೇ ಸಾವಿರ ಆಯಿತು, ನೂಲು ಬೇರೆ. ಅಂದರೆ 700ಕ್ಕೆ ಮಾರಿದರೆ ಉಳಿದದ್ದು ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮ ಜೇಬಿನಿಂದಲೇ. ಕೊಡಲಿ, ಬೇಡ ಅನ್ನುವುದಿಲ್ಲ. ಕೈಗೆ ಕೆಲಸ ಕಲಿತು ಹೊರಗೆ ಬಂದವನು ಮತ್ತೆ ಒಳಗೆ ಹೋಗದಿದ್ದರೆ ಆ ದುಡ್ಡು ದಂಡ ಅಲ್ಲ. ಆದರೆ ನನ್ನಂಥವಳಿಗೆ ಅಗ್ಗದ ಜಮಖಾನೆ ಕೊಡಲು ಯಾಕೆ ಖರ್ಚಾಗಬೇಕು? ಸಾವಿರದ ಇನ್ನೂರು ಹೇಳಿದ್ದರೂ ಕೊಡುತ್ತಿದ್ದೆ. ಚೌಕಾಸಿ ಮಾಡುತ್ತಿದ್ದೆ, ಅದು ಬೇರೆ ಮಾತು.

ಆ ದುಡ್ಡು ಎಲ್ಲಿ ಬೇಕಿತ್ತು ಅಂತ ಹೇಳುತ್ತೇನೆ. ನಮ್ಮ ವಠಾರದ ಒಬ್ಬ ಹುಡುಗ ಕುಡಿದು ಹೊಡೆದಾಡಿ ಎಂಟು ತಿಂಗಳು ಒಳಗಿದ್ದ. ಯಾವ ಜೈಲು ಅಂತ ಬೇಡ. ಶಿಕ್ಷೆ ಆಗಿರಲಿಲ್ಲ, ಕೇಸು ನಡೆಯುತ್ತಿತ್ತು ಅಷ್ಟೆ. ಕೆಲಸ ಕಡ್ಡಾಯ ಇರುವುದು ಕಠಿಣ ಶಿಕ್ಷೆ ಆದವರಿಗೆ. ಇವನಿಗೆ ಮಗ್ಗವೂ ಇಲ್ಲ, ಗರಗಸವೂ ಇಲ್ಲ. ದೇಶದ ಜೈಲುಗಳಲ್ಲಿ 100ರಲ್ಲಿ ಸುಮಾರು 75 ಜನ ಇವನಂತೆ ಕೇಸು ಮುಗಿಯದವರೇ. ಎಣ್ಣೆ ಇಲ್ಲದೆ ಮೊದಲ ವಾರ ಕೈಕಾಲು ನಡುಗಿತಂತೆ, ಗೋಡೆ ಮೇಲೆ ಏನೇನೋ ಹರಿದಾಡಿದಂತೆ ಕಂಡಿತಂತೆ. “ಒಳಗೆ ಹೊತ್ತೇ ಹೋಗಲ್ಲ ಆಂಟಿ” ಅಂದ. ಈಗ ಡಾಕ್ಟರ ಹತ್ತಿರ ಹೋಗುತ್ತಾನೆ, ಮಾತ್ರೆ ತಗೊಳ್ತಾನೆ. ಆ ಮಾತ್ರೆ ಒಳಗಿದ್ದಾಗಲೇ ಸಿಕ್ಕಿದ್ದರೆ ಅಂತ ಅವನ ಅಮ್ಮ ಈಗಲೂ ಅಳುತ್ತಾಳೆ.

ಇವನೊಬ್ಬನ ಪಾಡೇ ಹೀಗೋ ಅಂತ ಮೊಮ್ಮಗಳಿಂದ ಹುಡುಕಿಸಿದೆ. ಪರಪ್ಪನ ಅಗ್ರಹಾರದ ಜೈಲಿನಲ್ಲಿ 5,000ಕ್ಕೂ ಜಾಸ್ತಿ ಜನರನ್ನು ಪರೀಕ್ಷಿಸಿ ನಿಮ್ಹಾನ್ಸ್‌ನವರು 2011ರಲ್ಲಿ ವರದಿ ತಂದಿದ್ದಾರೆ. ಕುಡಿತ, ತಂಬಾಕು, ಗಾಂಜಾದ ಚಟ ಪಕ್ಕಕ್ಕಿಟ್ಟು ಎಣಿಸಿದರೂ ನೂರಕ್ಕೆ 27 ಜನಕ್ಕೆ ಮನಸ್ಸಿನ ಕಾಯಿಲೆ ಇತ್ತಂತೆ. ಚಟವನ್ನೂ ಸೇರಿಸಿದರೆ ಸುಮಾರು 80. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ಆಸ್ಪತ್ರೆಯಲ್ಲಾದರೂ ಮಾನಸಿಕ ಚಿಕಿತ್ಸೆಗೆ ಬೇರೆ ವ್ಯವಸ್ಥೆ ಇರಬೇಕು ಅಂತ 2017ರ ಕಾನೂನು ಹೇಳುತ್ತದೆ. ಒಂದು ರಾಜ್ಯಕ್ಕೆ ಒಂದು! ಮಗ್ಗ ಕೊಂಡರೆ ಜಮಖಾನೆ ಬರುತ್ತೆ, ಮಳಿಗೆಯಲ್ಲಿ ಹರವಿ ತೋರಿಸಬಹುದು. ಡಾಕ್ಟರಿಗೆ ಕೊಟ್ಟ ಸಂಬಳವನ್ನು ಹೇಗೆ ಹರವುತ್ತೀರಿ, ಅಲ್ವಾ?

ಅದಕ್ಕೇ ಬೆಲೆಗೆ ಎರಡೇ ಅಂಕ. ಬಿಲ್ಲಿನಲ್ಲಿ ಬೇರೆ ಒಂದು ಸಾಲು ಹಾಕಿ, ‘ಚಿಕಿತ್ಸೆಗೆ 200’ ಅಂತ. ನಮ್ಮ ಬೀದಿಯ ಹೆಂಗಸರಿಗೆಲ್ಲ ನಾನೇ ಕೊಡಿಸುತ್ತೇನೆ. ಮಳಿಗೆಯವರಿಗೂ ಇದನ್ನೇ ಹೇಳಿದೆ. ನಕ್ಕು ಚಿಲ್ಲರೆ ಎಣಿಸಿಕೊಟ್ಟರು.

ಕೊಳ್ಳುವವರಿಗೆ ಒಂದು ಮಾತು. ಮೊದಲ ಸಲ ತಣ್ಣೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆಯಿರಿ. ಹಸಿರು ಬಣ್ಣ ಬಿಡುತ್ತೆ. ನಮ್ಮ ಯಜಮಾನರ ಬನಿಯನ್ನು ಮೂರೂ ಈಗ ಎಳೆ ಬಾಳೆ ಎಲೆ ಬಣ್ಣಕ್ಕಿವೆ.