ಕಾಮನ್ ರೋಸೋ, ವೇಷ ತೊಟ್ಟ ಮಾರ್ಮನ್ನೋ?

ಹಿತ್ತಲಲ್ಲಿ ತೆಗೆದ ಚಿಟ್ಟೆಯ ಫೋಟೊ: ಕಪ್ಪು ರೆಕ್ಕೆ, ಹಿಂರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆಗಳು, ಕೆಳಗೆ ಬಾಲ. ಕಾಮನ್ ರೋಸ್ ಎಂದು ಹೆಸರಿಡುವ ಮುನ್ನ ರೆಕ್ಕೆ ಬಿಟ್ಟು ಮೈ ನೋಡಿ. ರೋಸ್‌ನ ತಲೆ, ಹೊಟ್ಟೆಯ ಪಕ್ಕಗಳು, ತುದಿ ಎಲ್ಲ ಕುಂಕುಮ ಬಳಿದಷ್ಟು ಕೆಂಪು. ಮೈ ಪೂರ್ತಿ ಕಪ್ಪಾಗಿದ್ದರೆ ಅದು ರೋಸ್‌ನ ವೇಷ ತೊಟ್ಟ ಇನ್ನೊಂದು ಚಿಟ್ಟೆ, ಕಾಮನ್ ಮಾರ್ಮನ್‌ನ ಹೆಣ್ಣು. ಆದರೆ ರೋಸ್‌ನ ಬೆನ್ನೂ ಕಪ್ಪೇ. ನೇರ ಮೇಲಿನಿಂದ ತೆಗೆದ ಚಿತ್ರ ಮೋಸ ಮಾಡುತ್ತದೆ. ಪಕ್ಕದಿಂದ ತೆಗೆದದ್ದಿದ್ದರೆ ಅದನ್ನೇ ನಂಬಿ, ಸ್ವಲ್ಪ ಮಸುಕಾಗಿದ್ದರೂ ಸರಿ.

ರೋಸ್ ಮರಿಹುಳುವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ಕೂಡಿಟ್ಟುಕೊಳ್ಳುತ್ತದೆ, ಹಕ್ಕಿಗಳಿಗೆ ರುಚಿಸುವುದಿಲ್ಲ. ನಮ್ಮ ಕರಿಬೇವು, ನಿಂಬೆ ಎಲೆ ಮೇದು ಬೆಳೆದ ಮಾರ್ಮನ್‌ಗೆ ಆ ವಿಷವಿಲ್ಲ, ವೇಷವಷ್ಟೇ. ಗಂಡು ಈ ವೇಷ ಹಾಕುವುದೇ ಇಲ್ಲ. ಅದರ ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಪಟ್ಟಿ. ಕೆಲವು ಹೆಣ್ಣುಗಳೂ ಹಾಗೆಯೇ ಇರುತ್ತವೆ.

ಮುಂರೆಕ್ಕೆಯಲ್ಲಿ ಬಿಳಿ ಪಟ್ಟೆಗಳಿದ್ದರೆ ಕ್ರಿಮ್ಸನ್ ರೋಸ್ ಎಂಬ ಮತ್ತೊಂದು ಚಿಟ್ಟೆಯ ನೆನಪಾಗಬೇಕು. ಅದನ್ನೂ ಮಾರ್ಮನ್ ಹೆಣ್ಣು ಅನುಕರಿಸುತ್ತದೆ. ಅಲ್ಲಿಯೂ ಮೈಬಣ್ಣವೇ ತೀರ್ಪು.